ಕಂಪ್ಯೂಟರ್ ಪ್ರಶ್ನೋತ್ತರ: ಕಮ್ಯಾಂಡಿನ ಔಟ್‌ಪುಟ್ ಸಿ ಪ್ರೋಗ್ರಾಮಿನ ಕೈಗೆ ಸಿಗುವುದು ಹೇಗೆ?

ಈ ಸಲ ಮೈಸೂರು, ಮಂಡ್ಯದ ಕಡೆಯಿಂದ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ವಿಂಡೋಸ್‌ನಲ್ಲಿ ಓಡುವ ಸಿ ಪ್ರೋಗ್ರಾಮಿನ ಒಳಗಿನಿಂದ ಬೇರೊಂದು ಕಮ್ಯಾಂಡನ್ನು ಕರೆದು, ಅದು ಪರದೆಯ ಮೇಲೆ ಬರೆಯುವುದನ್ನು ನಮ್ಮ ಬಫರ್‌ಗೆ (ಮೆಮೊರಿಯಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) ತಂದುಕೊಳ್ಳುವುದೇ ಆ ವಿಷಯ.

ಪ್ರಶ್ನೆ: ಮಾನ್ಯರೇ, ನಾನು ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಂಪ್ಯೂಟರಿನ ಐಪಿ ವಿಳಾಸವನ್ನಷ್ಟೇ ತೋರಿಸುವ ಸಿ ಪ್ರೋಗ್ರಾಂ ಬರೆಯಬೇಕಾಗಿದೆ. ‘ಸಿಸ್ಟಂ’ ಫಂಕ್ಷನ್‌ಗೆ ‘ಐಪಿಕಾನ್ಫಿಗ್’ ಎಂದು ಕೊಟ್ಟು, ಅದು ಹಿಂದಿರುಗಿಸಿದ್ದನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡೆ. ಪರದೆಯ ಮೇಲೆ ಎಲ್ಲ ವಿವರವೂ ಬಂದಿತು, ವೇರಿಯಬಲ್‌ನಲ್ಲಿ ಮಾತ್ರ 0 ಇತ್ತು. ಆ ವಿವರ ನನ್ನ ಪ್ರೋಗ್ರಾಮಿಗೆ ಸಿಗುವುದು ಹೇಗೆ?
— ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು

ಉತ್ತರ: ನಿಮಗೆ ಸಿಕ್ಕಿದ 0 ಸರಿಯಾದ ಉತ್ತರವೇ. ‘ಸಿಸ್ಟಂ’ ಫಂಕ್ಷನ್ ವಿಂಡೋಸ್‌ನ ಸಿಎಂಡಿಯನ್ನು (ಕಮ್ಯಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಎಬ್ಬಿಸಿ, ನೀವು ಕೊಟ್ಟ ಕಮ್ಯಾಂಡನ್ನು ಅದರ ಕೈಗೊಪ್ಪಿಸಿ, ಕೆಲಸ ಮುಗಿಯುವವರೆಗೆ ಕಾದು, ಕೊನೆಗೆ ಅದರ ಎಕ್ಸಿಟ್ ಕೋಡನ್ನು ಮಾತ್ರ ನಿಮಗೆ ಕೊಡುತ್ತದೆ. 0 ಎಂದರೆ ಕೆಲಸ ತೊಂದರೆಯಿಲ್ಲದೆ ಮುಗಿಯಿತು ಎಂದಷ್ಟೇ ಅರ್ಥ. ಹೊಸದಾಗಿ ಎದ್ದ ಪ್ರೋಗ್ರಾಂ ನಿಮ್ಮದೇ ಕನ್ಸೋಲಿನ, ಅಂದರೆ ಕಮ್ಯಾಂಡ್ ಕಿಟಕಿಯ, ಔಟ್‌ಪುಟ್ ಹ್ಯಾಂಡಲನ್ನು (ತೆರೆದ ಫೈಲ್, ಕನ್ಸೋಲ್ ಮುಂತಾದುವಕ್ಕೆ ವಿಂಡೋಸ್ ಕೊಡುವ ಗುರುತು) ಹಿಡಿದುಕೊಂಡು ನೇರವಾಗಿ ಪರದೆಗೆ ಬರೆಯುತ್ತದೆ. ಆ ಬರಹ ನಿಮ್ಮ ಪ್ರೋಗ್ರಾಮನ್ನು ಹಾದು ಹೋಗುವುದೇ ಇಲ್ಲ. ಆದ್ದರಿಂದ ಮಾಡಬೇಕಾದ ಕೆಲಸ ಒಂದೇ: ಆ ಕಮ್ಯಾಂಡಿನ ಕೈಗೆ ಕನ್ಸೋಲಿನ ಬದಲು ಬೇರೆ ಹ್ಯಾಂಡಲೊಂದನ್ನು ಕೊಡುವುದು. ಈ ಸಲದ ನಾಲ್ಕೂ ಪತ್ರಗಳ ತೊಡಕು, ಯಾವ ಹ್ಯಾಂಡಲ್ ಯಾರ ಕೈಯಲ್ಲಿದೆ ಎಂಬುದನ್ನು ನೋಡಿದರೆ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ.

ಅತಿ ಸರಳವಾದ ದಾರಿಯೆಂದರೆ ಕಮ್ಯಾಂಡಿನ ಕೊನೆಯಲ್ಲಿ > ಚಿಹ್ನೆ ಹಾಕಿ ಔಟ್‌ಪುಟ್ಟನ್ನು ತಾತ್ಕಾಲಿಕ ಫೈಲೊಂದಕ್ಕೆ ತಿರುಗಿಸಿ, ‘ಸಿಸ್ಟಂ’ ಮುಗಿದ ಮೇಲೆ ಆ ಫೈಲನ್ನು ‘ಎಫ್‌ಓಪನ್’ ಮಾಡಿ ಓದಿಕೊಳ್ಳುವುದು. ಇದನ್ನು ಕೀಳಾಗಿ ಕಾಣುವವರಿದ್ದಾರೆ. ಒಮ್ಮೆ ಓಡಿಸಿ ಬಿಡುವ ಸಣ್ಣ ಕೆಲಸಕ್ಕೆ ಇದರಲ್ಲಿ ನನಗೇನೂ ದೋಷ ಕಾಣುವುದಿಲ್ಲ. ಆದರೆ ನಿಮ್ಮ ಪ್ರೋಗ್ರಾಮಿನ ಎರಡು ಪ್ರತಿಗಳು ಒಟ್ಟಿಗೆ ಓಡಿದರೆ ಎರಡೂ ಒಂದೇ ಫೈಲಿಗೆ ಬರೆಯಲು ಹೊರಡುತ್ತವೆ. ಅದಕ್ಕಾಗಿ ಫೈಲಿನ ಹೆಸರನ್ನು ನೀವೇ ಇಡದೆ ‘ಗೆಟ್‌ಟೆಂಪ್‌ಫೈಲ್‌ನೇಮ್’ ಫಂಕ್ಷನ್‌ನಿಂದ ಪಡೆಯಿರಿ.

ನಿಮ್ಮ ಅಸೈನ್‌ಮೆಂಟ್‌ಗೆ ಹೇಳಿ ಮಾಡಿಸಿದ್ದು ‘_ಪಿಓಪನ್’. ಮೊದಲ ಆರ್ಗ್ಯುಮೆಂಟಾಗಿ ಕಮ್ಯಾಂಡ್, ಎರಡನೆಯದಾಗಿ ಓದುವುದಕ್ಕೆಂದು ‘ಆರ್’ ಅಕ್ಷರವನ್ನು ಕೊಟ್ಟರೆ, ಅದು ಕಮ್ಯಾಂಡಿಗೂ ನಿಮಗೂ ನಡುವೆ ಒಂದು ಪೈಪ್ (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದು ಓದುವ ಕೊಳವೆ) ಜೋಡಿಸಿ, ಅದರ ಓದುವ ತುದಿಯನ್ನು ಸಾಮಾನ್ಯ ಫೈಲ್ ಪಾಯಿಂಟರಿನ ರೂಪದಲ್ಲಿ ನಿಮಗೆ ಕೊಡುತ್ತದೆ. ಮುಂದಿನದೆಲ್ಲ ನಿಮಗೆ ಗೊತ್ತಿರುವ ‘ಎಫ್‌ಗೆಟ್ಸ್’ ಕೆಲಸ. ಲೂಪ್ ಬರೆಯುವಾಗ ‘ಎಫ್‌ಗೆಟ್ಸ್’ ನಲ್ ಕೊಡುವವರೆಗೆ ಎಂದು ಬರೆಯಿರಿ. ‘ಎಫ್‌ಇಓಎಫ್’ ಆಗುವವರೆಗೆ ಎಂದು ಬರೆದರೆ ಕೊನೆಯ ಸಾಲು ಎರಡೆರಡು ಸಲ ಬರುತ್ತದೆ, ಲ್ಯಾಬ್ ರೆಕಾರ್ಡುಗಳಲ್ಲಿ ಇದು ತಪ್ಪದೆ ಕಾಣಸಿಗುವ ತಪ್ಪು. ಬಂದ ಸಾಲುಗಳನ್ನು ಅರೇಯಲ್ಲಿ ಕೂಡಿಡುವುದಾದರೆ ಪ್ರತಿ ಸಾಲನ್ನೂ ನಕಲು ಮಾಡಿ ಇಡಬೇಕು. ಒಂದೇ ಬಫರಿನ ವಿಳಾಸವನ್ನು ಪದೇ ಪದೇ ಇಟ್ಟರೆ ಎಲ್ಲ ಮನೆಗಳಲ್ಲೂ ಕೊನೆಯ ಸಾಲೇ ಕೂತಿರುತ್ತದೆ. ಮುಗಿದ ಮೇಲೆ ‘ಎಫ್‌ಕ್ಲೋಸ್’ ಅಲ್ಲ, ‘_ಪಿಕ್ಲೋಸ್’ ಕರೆಯಬೇಕು. ಎಕ್ಸಿಟ್ ಕೋಡ್ ಅದರಿಂದಲೇ ಸಿಗುತ್ತದೆ. ಕಮ್ಯಾಂಡಿನ ಹೆಸರನ್ನು ತಪ್ಪಾಗಿ ಬರೆದರೂ ‘_ಪಿಓಪನ್’ ನಲ್ ಕೊಡುವುದಿಲ್ಲ, ಏಕೆಂದರೆ ಸಿಎಂಡಿಯಂತೂ ಎದ್ದೇ ಎದ್ದಿರುತ್ತದೆ. ತಪ್ಪು ಗೊತ್ತಾಗುವುದು ‘_ಪಿಕ್ಲೋಸ್’ ಸೊನ್ನೆಯಲ್ಲದ ಸಂಖ್ಯೆ ಕೊಟ್ಟಾಗ.

ಇನ್ನು ಐಪಿ ವಿಳಾಸದ ಸಾಲು. ‘ಐಪಿವಿ4’ ಎಂಬ ಪದವಿರುವ ಸಾಲನ್ನು ‘ಸ್ಟ್ರ್‌ಸ್ಟ್ರ್’ ಮೂಲಕ ಹುಡುಕಿ, ಅದರಲ್ಲಿ ಚುಕ್ಕಿಗಳ ಸಾಲು ಮುಗಿದ ಮೇಲೆ ಬರುವ : ಚಿಹ್ನೆಯನ್ನೂ ಒಂದು ಖಾಲಿ ಜಾಗವನ್ನೂ ದಾಟಿದರೆ 192.168.1.7 ಎಂಬಂಥ ವಿಳಾಸ ಸಿಗುತ್ತದೆ. ಆದರೆ ಇದೇ ಕಮ್ಯಾಂಡನ್ನು ‘/ಆಲ್’ ಜೊತೆ ಓಡಿಸಿದರೆ ವಿಳಾಸದ ಬೆನ್ನಿಗೇ, ನಡುವೆ ಜಾಗವಿಲ್ಲದೆ, ಕಂಸದೊಳಗೆ ‘ಪ್ರಿಫರ್ಡ್’ ಎಂಬ ಪದ ಅಂಟಿಕೊಂಡಿರುತ್ತದೆ. ವರ್ಚುವಲ್ ಮಷೀನ್ ಹಾಕಿದ ಕಂಪ್ಯೂಟರಿನಲ್ಲಿ ಇಂಥ ಸಾಲುಗಳು ಎರಡೋ ಮೂರೋ ಇರಬಹುದು. ವಿಂಡೋಸ್‌ನ ಭಾಷೆ ಬದಲಾದರೆ ಸಾಲಿನ ಪದಗಳೂ ಬದಲಾಗುತ್ತವೆ. ಅಸೈನ್‌ಮೆಂಟ್‌ಗೆ ಇಷ್ಟು ಸಾಕು. ನಾಳೆ ಯಾರಾದರೂ ದಿನವೂ ಬಳಸುವ ಪ್ರೋಗ್ರಾಂ ಬರೆಯುವಾಗ ಮಾತ್ರ ಮನುಷ್ಯರು ಓದಲೆಂದು ಮಾಡಿದ ಸಾಲುಗಳನ್ನು ಹೆಕ್ಕುವ ಬದಲು ‘ಗೆಟ್‌ಅಡಾಪ್ಟರ್ಸ್‌ಅಡ್ರೆಸಸ್’ ಫಂಕ್ಷನ್ನನ್ನು ನೇರವಾಗಿ ಕರೆಯಿರಿ.

ನಿಮ್ಮ ಲ್ಯಾಬಿನಲ್ಲಿ ಡಾಸ್‌ಬಾಕ್ಸ್ (ಹಳೆಯ ಡಾಸ್ ಪ್ರೋಗ್ರಾಮುಗಳನ್ನು ಓಡಿಸುವ ಸಾಧನ) ಒಳಗೆ ಟರ್ಬೋ ಸಿ ಓಡಿಸುತ್ತಿದ್ದರೆ ಮೇಲಿನ ಯಾವುದೂ ನಡೆಯದು. ಅದರ ಲೈಬ್ರರಿಯಲ್ಲಿ ಪಿಓಪನ್ ಇಲ್ಲ, ಡಾಸ್‌ಬಾಕ್ಸ್‌ಗೆ ವಿಂಡೋಸ್‌ನ ಐಪಿಕಾನ್ಫಿಗ್ ಎಂದರೇನೆಂದೇ ಗೊತ್ತಿಲ್ಲ. ಕೋಡ್‌ಬ್ಲಾಕ್ಸ್ ಜೊತೆ ಬರುವ ಮಿನ್‌ಜಿಡಬ್ಲ್ಯೂ ಕಂಪೈಲರ್ ಅಥವಾ ವಿಷುವಲ್ ಸ್ಟುಡಿಯೋ ಬಳಸಿ.

ಪ್ರಶ್ನೆ: ವಿದ್ಯಾರ್ಥಿಗಳು ಕೊಟ್ಟ ಸಿ ಪ್ರೋಗ್ರಾಮುಗಳನ್ನು ಒಂದೊಂದಾಗಿ ಕಂಪೈಲ್ ಮಾಡಿ, ದೋಷಗಳ ಪಟ್ಟಿಯನ್ನು ಕೂಡಿಡುವ ಪ್ರೋಗ್ರಾಂ ಬರೆದಿದ್ದೇನೆ. ‘_ಪಿಓಪನ್’ ಮೂಲಕ ಜಿಸಿಸಿ ಕಂಪೈಲರನ್ನು ಓಡಿಸಿದರೆ ದೋಷಗಳೆಲ್ಲ ಪರದೆಯ ಮೇಲೆ ಬೀಳುತ್ತವೆ, ನನ್ನ ಬಫರ್ ಖಾಲಿಯಾಗಿಯೇ ಉಳಿಯುತ್ತದೆ. ಕಂಪೈಲರನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿಗೆ ಹಾಕಿದ ಮೇಲೆ ಅದು ಓಡುವುದೇ ಇಲ್ಲ.
— ಉಪನ್ಯಾಸಕರು, ಮದ್ದೂರು

ಉತ್ತರ: ಕಂಪೈಲರುಗಳು ದೋಷಗಳನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆಯುವುದಿಲ್ಲ, ದೋಷಗಳಿಗೆಂದೇ ಬೇರೆಯಾಗಿ ಇರುವ ಸ್ಟ್ಯಾಂಡರ್ಡ್ ಎರರ್‌ಗೆ ಬರೆಯುತ್ತವೆ. ‘_ಪಿಓಪನ್’ ಪೈಪ್ ಜೋಡಿಸುವುದು ಮೊದಲನೆಯದಕ್ಕೆ ಮಾತ್ರ. ಕಮ್ಯಾಂಡಿನ ಕೊನೆಗೆ 2>&1 ಎಂದು ಸೇರಿಸಿದರೆ ಎರಡನೆಯದೂ ಅದೇ ಪೈಪಿಗೆ ಬಂದು ಸೇರುತ್ತದೆ. ಫೈಲಿಗೆ ತಿರುಗಿಸುವಾಗ > ಚಿಹ್ನೆಯೂ ಫೈಲಿನ ಹೆಸರೂ ಮೊದಲು ಬರಬೇಕು, 2>&1 ಅದರ ನಂತರ; ಹಿಂದುಮುಂದಾದರೆ ದೋಷಗಳು ಮತ್ತೆ ಪರದೆಗೇ ಹೋಗುತ್ತವೆ.

ಎರಡನೆಯ ತೊಂದರೆಗೆ ಕಾರಣ ಸಿಎಂಡಿ ಉದ್ಧರಣ ಚಿಹ್ನೆಗಳನ್ನು ನಡೆಸಿಕೊಳ್ಳುವ ವಿಚಿತ್ರ ರೀತಿ. ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗವಿರುವುದರಿಂದ ಕಂಪೈಲರಿನ ಹಾದಿಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿರುತ್ತೀರಿ, ವಿದ್ಯಾರ್ಥಿಯ ಫೈಲಿನ ಹೆಸರನ್ನೂ ಹಾಗೆಯೇ ಇಟ್ಟಿರುತ್ತೀರಿ. ಕಮ್ಯಾಂಡ್ ಉದ್ಧರಣ ಚಿಹ್ನೆಯಿಂದಲೇ ಶುರುವಾಗಿ ಒಳಗೆ ಎರಡಕ್ಕಿಂತ ಹೆಚ್ಚು ಚಿಹ್ನೆಗಳಿದ್ದರೆ ಸಿಎಂಡಿ ಮೊದಲನೆಯದನ್ನೂ ಕೊನೆಯದನ್ನೂ ಕಿತ್ತುಹಾಕಿ ಉಳಿದದ್ದನ್ನು ಓದುತ್ತದೆ. ಅದಕ್ಕೆ ಮದ್ದೆಂದರೆ ಇಡೀ ಕಮ್ಯಾಂಡಿನ ಹೊರಗೆ ಇನ್ನೊಂದು ಜೊತೆ ಚಿಹ್ನೆ ಹಾಕುವುದು. ಅದು ಆ ಹೊರಗಿನ ಜೊತೆಯನ್ನು ಕಿತ್ತುಕೊಂಡು ತೃಪ್ತಿಪಟ್ಟುಕೊಳ್ಳುತ್ತದೆ. ವಿದ್ಯಾರ್ಥಿಗಳು ಇಟ್ಟ ಫೈಲ್ ಹೆಸರುಗಳನ್ನು ಹಾಗೆಯೇ ಕಮ್ಯಾಂಡಿಗೆ ಸೇರಿಸಬೇಡಿ. ಹೆಸರಿನಲ್ಲಿ & ಚಿಹ್ನೆ ಇದ್ದು, ಅದು ಉದ್ಧರಣದ ಹೊರಗೆ ಬಿದ್ದರೆ, ಅದರ ಮುಂದಿನದನ್ನು ಸಿಎಂಡಿ ಮತ್ತೊಂದು ಕಮ್ಯಾಂಡೆಂದು ತಿಳಿದು ಓಡಿಸಿಬಿಡುತ್ತದೆ. ಪ್ರತಿ ಫೈಲಿಗೂ ಅಂಕಿಯ ಹೆಸರು ಕೊಟ್ಟು ನಕಲು ಮಾಡಿಕೊಳ್ಳುವುದು ಸುರಕ್ಷಿತ.

ಪ್ರಶ್ನೆ: ನಮ್ಮೂರಿನ ಹಾಲಿನ ಡೈರಿಗೆ ಒಂದು ವಿಂಡೋ ಇರುವ ಪ್ರೋಗ್ರಾಂ ಮಾಡಿಕೊಟ್ಟಿದ್ದೇನೆ. ಹಾಲು ಪರೀಕ್ಷಿಸುವ ಯಂತ್ರದ ಜೊತೆ ಬಂದ ಸಣ್ಣ ಕಮ್ಯಾಂಡ್ ಪ್ರೋಗ್ರಾಂ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಅಂಕಿಗಳನ್ನು ಒಂದೊಂದು ಸಾಲಿನಲ್ಲಿ ಬರೆಯುತ್ತದೆ. ಅದನ್ನು ‘_ಪಿಓಪನ್’ ಮೂಲಕ ಓದಲು ಹೋದರೆ ನನ್ನ ಪ್ರೋಗ್ರಾಂ ಅಲ್ಲಾಡದೆ ನಿಂತುಬಿಡುತ್ತದೆ. ‘ಸಿಸ್ಟಂ’ ಬಳಸಿದರೆ ಪ್ರತಿ ಸಲವೂ ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಗುತ್ತದೆ. ಬೆಳಿಗ್ಗೆ ಹಾಲು ಹಾಕುವವರು ಸಾಲುಗಟ್ಟಿ ನಿಂತಿರುವಾಗ ಇದರಿಂದ ಬಹಳ ಕಷ್ಟವಾಗಿದೆ.
— ಮಂಡ್ಯ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಕೋಡಿನಲ್ಲಿ ತಪ್ಪಿಲ್ಲ, ಸಾಧನದ ಆಯ್ಕೆ ಸರಿಹೋಗಿಲ್ಲ. ಕನ್ಸೋಲ್ ಇಲ್ಲದ ವಿಂಡೋಸ್ ಪ್ರೋಗ್ರಾಮಿನಲ್ಲಿ ‘_ಪಿಓಪನ್’ ಕೆಲಸಕ್ಕೆ ಬಾರದ ಫೈಲ್ ಪಾಯಿಂಟರನ್ನು ಕೊಡುತ್ತದೆ, ಅದರಿಂದ ಪ್ರೋಗ್ರಾಂ ಅನಿರ್ದಿಷ್ಟವಾಗಿ ನಿಂತುಬಿಡಬಹುದು ಎಂದು ಮೈಕ್ರೋಸಾಫ್ಟ್ ತನ್ನ ಕೈಪಿಡಿಯಲ್ಲೇ ಹೇಳಿದೆ. ನೀವು ವಿಂಡೋಸ್‌ನ ಮೂಲ ಫಂಕ್ಷನ್‌ಗಳಿಗೇ ಇಳಿಯಬೇಕು. ನೋಡಲು ಉದ್ದವಾದರೂ ಕ್ರಮ ನೇರವಾಗಿದೆ.

ಮೊದಲು ‘ಕ್ರಿಯೇಟ್‌ಪೈಪ್’ ಕರೆದು ಪೈಪಿನ ಎರಡು ತುದಿಗಳನ್ನು ಪಡೆಯಿರಿ. ಆ ಹ್ಯಾಂಡಲುಗಳು ಮಗು ಪ್ರೋಗ್ರಾಮಿಗೆ, ಅಂದರೆ ನಿಮ್ಮ ಪ್ರೋಗ್ರಾಂ ಎಬ್ಬಿಸುವ ಪ್ರೋಗ್ರಾಮಿಗೆ, ಬಳುವಳಿಯಾಗಿ ಹೋಗುವಂತೆ ಸೆಕ್ಯೂರಿಟಿ ಆಟ್ರಿಬ್ಯೂಟ್ಸ್ ಸ್ಟ್ರಕ್ಚರಿನಲ್ಲಿ ‘ಇನ್‌ಹೆರಿಟ್’ ಎಂಬುದನ್ನು ಟ್ರೂ ಮಾಡಿ, ಕೂಡಲೇ ಓದುವ ತುದಿಗೆ ಮಾತ್ರ ‘ಸೆಟ್‌ಹ್ಯಾಂಡಲ್‌ಇನ್ಫರ್ಮೇಷನ್’ ಮೂಲಕ ಆ ಗುಣವನ್ನು ತೆಗೆದುಹಾಕಿ. ನಂತರ ಸ್ಟಾರ್ಟಪ್‌ಇನ್ಫೋ ಸ್ಟ್ರಕ್ಚರಿನಲ್ಲಿ ಸ್ಟ್ಯಾಂಡರ್ಡ್ ಹ್ಯಾಂಡಲ್ ಬಳಸುತ್ತೇನೆಂಬ ಫ್ಲ್ಯಾಗ್ ಹಾಕಿ, ಔಟ್‌ಪುಟ್ ಮತ್ತು ಎರರ್ ಎರಡಕ್ಕೂ ಬರೆಯುವ ತುದಿಯನ್ನು ಕೊಡಿ. ಇನ್‌ಪುಟ್‌ಗೆ ‘ನಲ್’ ಎಂಬ ಡಿವೈಸನ್ನು, ಅದೂ ಬಳುವಳಿಗೆ ಒಗ್ಗುವಂತೆ, ತೆರೆದು ಕೊಡಿ. ಇಲ್ಲವಾದರೆ ‘ಯಾವುದಾದರೂ ಕೀ ಒತ್ತಿ’ ಎಂದು ಕಾಯುವ ಪ್ರೋಗ್ರಾಂ ಕಾಣದ ಕಿಟಕಿಯ ಹಿಂದೆ ಕಾಯುತ್ತಲೇ ಇರುತ್ತದೆ. ಕೊನೆಯಲ್ಲಿ ‘ಕ್ರಿಯೇಟ್‌ಪ್ರೊಸೆಸ್’ ಕರೆಯುವಾಗ ಹ್ಯಾಂಡಲ್ ಬಳುವಳಿಗೆ ಟ್ರೂ ಎಂದೂ, ಫ್ಲ್ಯಾಗಿನ ಜಾಗದಲ್ಲಿ ‘ಕ್ರಿಯೇಟ್ ನೋ ವಿಂಡೋ’ ಎಂದೂ ಕೊಟ್ಟರೆ ಕಪ್ಪು ಕಿಟಕಿ ಮಿಂಚುವುದು ನಿಲ್ಲುತ್ತದೆ. ಕಮ್ಯಾಂಡಿನ ಸಾಲನ್ನು ಕೋಡಿನಲ್ಲೇ ಬರೆದ ಸ್ಥಿರ ಸ್ಟ್ರಿಂಗಾಗಿ ಕೊಡಬೇಡಿ, ಅರೇಯಲ್ಲಿಟ್ಟು ಕೊಡಿ, ಏಕೆಂದರೆ ಈ ಫಂಕ್ಷನ್ನಿನ ಯೂನಿಕೋಡ್ ರೂಪ ಆ ಸ್ಟ್ರಿಂಗನ್ನು ತಿದ್ದಬಹುದು.

ಇಲ್ಲಿಗೆ ಮುಗಿಯಿತೆಂದುಕೊಂಡವರೇ ಮುಂದಿನ ಹೆಜ್ಜೆಯಲ್ಲಿ ಎಡವುವುದು. ಮಗು ಪ್ರೋಗ್ರಾಂ ಶುರುವಾದ ತಕ್ಷಣ, ಓದಲು ಕೂರುವ ಮೊದಲೇ, ನಿಮ್ಮ ಬಳಿ ಉಳಿದಿರುವ ಬರೆಯುವ ತುದಿಯನ್ನು ‘ಕ್ಲೋಸ್‌ಹ್ಯಾಂಡಲ್’ ಮಾಡಬೇಕು. ಪೈಪಿನ ಬರೆಯುವ ತುದಿ ಯಾರೊಬ್ಬರ ಕೈಯಲ್ಲಿ ತೆರೆದಿದ್ದರೂ ಇನ್ನೂ ಏನೋ ಬರಬಹುದೆಂದು ‘ರೀಡ್‌ಫೈಲ್’ ಕಾಯುತ್ತದೆ. ಮಗು ಕೆಲಸ ಮುಗಿಸಿ ಹೋದ ಮೇಲೂ ಆ ತುದಿ ನಿಮ್ಮ ಕೈಯಲ್ಲೇ ಉಳಿದಿದ್ದರೆ, ನೀವು ನಿಮಗಾಗಿಯೇ ಕಾಯುತ್ತ ಕೂತಂತಾಗುತ್ತದೆ. ಎಲ್ಲರೂ ಮುಚ್ಚಿದಾಗ ‘ರೀಡ್‌ಫೈಲ್’ ಸೋತು, ‘ಗೆಟ್‌ಲಾಸ್ಟ್‌ಎರರ್’ 109 ಕೊಡುತ್ತದೆ. ಪೈಪ್ ಮುರಿಯಿತು ಎಂದು ಅದರ ಅರ್ಥ. ಹೆಸರು ಕೇಳಿ ಗಾಬರಿಯಾಗಬೇಡಿ, ಔಟ್‌ಪುಟ್ ಪೂರ್ತಿ ಬಂದಿತೆಂಬುದಕ್ಕೆ ಅದೇ ಗುರುತು.

ಎರಡನೆಯದು, ಕಾಯುವುದಕ್ಕೂ ಓದುವುದಕ್ಕೂ ಇರುವ ಕ್ರಮ. ಮೊದಲು ‘ವೇಟ್‌ಫಾರ್‌ಸಿಂಗಲ್‌ಆಬ್ಜೆಕ್ಟ್’ ಮಾಡಿ ಮಗು ಮುಗಿದ ಮೇಲೆ ಓದೋಣವೆಂದು ಹೊರಟರೆ, ಔಟ್‌ಪುಟ್ ನಾಲ್ಕು ಸಾಲಿರುವವರೆಗೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ಪೈಪಿನ ಬಫರ್ ಚಿಕ್ಕದು. ಒಂದು ದಿನ ಔಟ್‌ಪುಟ್ ಅದಕ್ಕಿಂತ ಹೆಚ್ಚಾದರೆ ಮಗು ಬರೆಯಲು ಜಾಗವಿಲ್ಲದೆ ನಿಲ್ಲುತ್ತದೆ, ನೀವು ಮಗು ಮುಗಿಯಲೆಂದು ನಿಂತಿರುತ್ತೀರಿ. ಪೈಪ್ ಮುರಿಯುವವರೆಗೆ ಮೊದಲು ಓದಿ, ಆಮೇಲೆ ಕಾಯಿರಿ, ಆಮೇಲೆ ಎಕ್ಸಿಟ್ ಕೋಡ್ ಕೇಳಿ.

ಮೂರನೆಯದು ನಿಮ್ಮ ಡೈರಿಯ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ‘ರೀಡ್‌ಫೈಲ್’ಗೆ ಸಾಲು ಎಂಬುದೇ ಗೊತ್ತಿಲ್ಲ, ಆ ಕ್ಷಣಕ್ಕೆ ಪೈಪಿನಲ್ಲಿ ಎಷ್ಟಿದೆಯೋ ಅಷ್ಟನ್ನು ಕೊಡುತ್ತದೆ. ಫ್ಯಾಟ್ 4.2 ಎಂಬ ಸಾಲಿನಲ್ಲಿ ಮೊದಲ ಸಲ ‘4.’ ಬಂದು, ಎರಡನೆಯ ಸಲ ‘2’ ಬರಬಹುದು. ಮೊದಲ ತುಂಡನ್ನೇ ‘ಎಟಿಓಎಫ್’ಗೆ ಕೊಟ್ಟರೆ ಅದು ಯಾವ ತಕರಾರೂ ಇಲ್ಲದೆ 4.0 ಎನ್ನುತ್ತದೆ, ಹಾಲು ಹಾಕಿದವರಿಗೆ ಸಿಗಬೇಕಾದ ದರ ಸದ್ದಿಲ್ಲದೆ ಇಳಿದುಹೋಗುತ್ತದೆ. ಆದ್ದರಿಂದ ಬಂದದ್ದನ್ನೆಲ್ಲ ಒಂದು ಬಫರಿಗೆ ಸೇರಿಸುತ್ತ ಹೋಗಿ, ಸಾಲು ಮುಗಿಯುವ ಗುರುತು ಕಂಡ ಮೇಲಷ್ಟೇ ಅಂಕಿಯನ್ನು ತೆಗೆದುಕೊಳ್ಳಿ. ‘ರೀಡ್‌ಫೈಲ್’ ಸ್ಟ್ರಿಂಗಿನ ಕೊನೆಗೆ ನಲ್ ಅಕ್ಷರವನ್ನೂ ಹಾಕುವುದಿಲ್ಲ. ಎಷ್ಟು ಬೈಟ್ ಬಂದಿತೆಂದು ಅದು ಹೇಳಿದ ಜಾಗದಲ್ಲಿ ನೀವೇ ಹಾಕಬೇಕು, ಬಫರಿನಲ್ಲಿ ಅದಕ್ಕೊಂದು ಬೈಟ್ ಮೊದಲೇ ಉಳಿಸಿಕೊಂಡಿರಬೇಕು.

ಯಂತ್ರದ ಪ್ರೋಗ್ರಾಂ ಒಂದು ಮಾದರಿಗೆ ಒಮ್ಮೆ ಓಡಿ ಮುಗಿಯುವಂಥದ್ದಾದರೆ ಇಷ್ಟೇ ಸಾಕು. ಬೆಳಿಗ್ಗೆ ಒಮ್ಮೆ ಶುರುಮಾಡಿದ್ದು ಡೈರಿ ಮುಚ್ಚುವವರೆಗೂ ಓಡುತ್ತಿರುವಂಥದ್ದಾದರೆ ಇನ್ನೊಂದು ತೊಡಕು ಕಾಣಿಸುತ್ತದೆ: ಅಂಕಿಗಳು ಆಗಿಂದಾಗಲೇ ಬರದೆ, ಹತ್ತಾರು ಜನರ ಹಾಲು ಅಳೆದ ಮೇಲೆ ಒಟ್ಟಿಗೆ ಸುರಿಯುತ್ತವೆ. ಔಟ್‌ಪುಟ್ ಕನ್ಸೋಲಿಗೆ ಹೋಗುತ್ತಿಲ್ಲವೆಂದು ಕಂಡರೆ ಸಿ ರನ್‌ಟೈಮ್ ಸಾಲುಗಳನ್ನು ತನ್ನ ಬಫರಿನಲ್ಲಿ, ಮೈಕ್ರೋಸಾಫ್ಟ್ ರನ್‌ಟೈಮಿನಲ್ಲಾದರೆ 4096 ಬೈಟ್, ಕೂಡಿಟ್ಟುಕೊಂಡು ತುಂಬಿದಾಗಷ್ಟೇ ಕಳಿಸುತ್ತದೆ. ಇದು ಆ ಪ್ರೋಗ್ರಾಮಿನ ಒಳಗಿನ ಮಾತು. ನಿಮ್ಮ ಕಡೆ ‘ಸೆಟ್‌ವಿಬಫ್’ ಬರೆದು ಪ್ರಯೋಜನವಿಲ್ಲ. ಯಂತ್ರ ಕೊಟ್ಟವರನ್ನು ಕೇಳಿ ಪ್ರತಿ ಸಾಲಿನ ನಂತರ ‘ಎಫ್‌ಫ್ಲಶ್’ ಹಾಕಿಸುವುದು ಮೊದಲ ದಾರಿ. ಅದು ಆಗದಿದ್ದರೆ, ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಇರುವ ‘ಕ್ರಿಯೇಟ್‌ಸ್ಯೂಡೋಕನ್ಸೋಲ್’ ಮೂಲಕ ಆ ಪ್ರೋಗ್ರಾಮಿಗೆ ನಿಜವಾದ ಕನ್ಸೋಲಿನ ಮುಂದೆಯೇ ಇದ್ದೇನೆಂಬ ಭ್ರಮೆ ಹುಟ್ಟಿಸಬಹುದು, ಆದರೆ ಬಣ್ಣ, ಕರ್ಸರ್ ಮುಂತಾದವುಗಳ ಎಸ್ಕೇಪ್ ಸಂಕೇತಗಳು ಅಂಕಿಗಳ ನಡುವೆ ನುಸುಳುವುದರಿಂದ ಅವನ್ನು ಸೋಸಿ ತೆಗೆಯಬೇಕಾಗುತ್ತದೆ. ನನ್ನನ್ನು ಕೇಳಿದರೆ, ಯಂತ್ರ ಸೀರಿಯಲ್ ಪೋರ್ಟಿಗೆ ಜೋಡಿಸಿದ್ದಾಗಿದ್ದು ಅದು ಕಳಿಸುವ ಸಾಲುಗಳ ವಿವರ ಕೈಪಿಡಿಯಲ್ಲಿದ್ದರೆ, ನಡುವಿನ ಪ್ರೋಗ್ರಾಮನ್ನೇ ಬಿಟ್ಟು ‘ಕ್ರಿಯೇಟ್‌ಫೈಲ್’ ಮೂಲಕ ಪೋರ್ಟನ್ನು ನೇರವಾಗಿ ಓದುವುದು ಇದಕ್ಕಿಂತ ಹಗುರ.

ಓದುವ ಕೆಲಸವನ್ನು ಬೇರೆ ಥ್ರೆಡ್ಡಿನಲ್ಲಿಟ್ಟು, ಸಾಲು ಸಿಕ್ಕಾಗ ‘ಪೋಸ್ಟ್‌ಮೆಸೇಜ್’ ಮೂಲಕ ವಿಂಡೋಗೆ ತಿಳಿಸಿ. ವಿಂಡೋದ ಥ್ರೆಡ್ಡಿನಲ್ಲೇ ‘ರೀಡ್‌ಫೈಲ್’ ಕರೆದರೆ ಮತ್ತೆ ನಿಂತುಹೋದಂತೆಯೇ ಕಾಣುತ್ತದೆ. ಕೇಬಲ್ ಕಳಚಿದ್ದರೆ ಆ ಪ್ರೋಗ್ರಾಂ ಎಂದೂ ಮುಗಿಯದಿರಬಹುದು. ಇಂತಿಷ್ಟು ಸೆಕೆಂಡಿನಲ್ಲಿ ಮುಗಿಯದಿದ್ದರೆ ‘ಟರ್ಮಿನೇಟ್‌ಪ್ರೊಸೆಸ್’ ಮಾಡಿ. ಅದನ್ನು ಸಿಎಂಡಿ ಮೂಲಕ ಓಡಿಸಿದ್ದರೆ ಸಿಎಂಡಿ ಮಾತ್ರ ಸಾಯುತ್ತದೆ, ಅದು ಎಬ್ಬಿಸಿದ್ದು ಹಾಗೆಯೇ ಉಳಿದು ಪೈಪನ್ನೂ ಪೋರ್ಟನ್ನೂ ಹಿಡಿದಿರುತ್ತದೆ. ಹಾಗಾಗಿ ಯಂತ್ರದ ಪ್ರೋಗ್ರಾಮನ್ನು ಸಿಎಂಡಿಯ ಹಂಗಿಲ್ಲದೆ ನೇರವಾಗಿ ಕರೆಯಿರಿ.

ಪ್ರಶ್ನೆ: ನಮ್ಮ ಡಿಟಿಪಿ ಅಂಗಡಿಯ ಫೈಲುಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೇವೆ. ‘ಡಿರ್’ ಕಮ್ಯಾಂಡಿನ ಔಟ್‌ಪುಟ್ಟನ್ನು ಸಿ ಪ್ರೋಗ್ರಾಮಿನಲ್ಲಿ ಹಿಡಿದರೆ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿರುತ್ತವೆ. ಅವನ್ನು ಮತ್ತೆ ಕನ್ನಡ ಮಾಡುವುದು ಹೇಗೆ?
— ಸರಸ್ವತೀಪುರಂ, ಮೈಸೂರು

ಉತ್ತರ: ಒಮ್ಮೆ ಪ್ರಶ್ನಾರ್ಥಕ ಚಿಹ್ನೆಯಾದದ್ದನ್ನು ಮತ್ತೆ ಕನ್ನಡ ಮಾಡಲಾಗದು. ಅಕ್ಷರ ಅಲ್ಲಿಗೇ ಅಳಿದಿರುತ್ತದೆ, ಆ ಬೈಟುಗಳಲ್ಲಿ ಹುಡುಕಿಕೊಳ್ಳಲು ಏನೂ ಉಳಿದಿರುವುದಿಲ್ಲ. ಅದು ಹಾಗಾಗದಂತೆ ಮೊದಲೇ ತಡೆಯಬೇಕು.

ಸಿಎಂಡಿ ತನ್ನ ಬರಹವನ್ನು ಪೈಪಿಗೆ ಕಳಿಸುವಾಗ ಕನ್ಸೋಲಿನ ಕೋಡ್ ಪೇಜಿಗೆ (ಯಾವ ಅಕ್ಷರಕ್ಕೆ ಯಾವ ಬೈಟ್ ಎಂಬ ಪಟ್ಟಿ) ಬದಲಾಯಿಸುತ್ತದೆ. ‘ಸಿಎಚ್‌ಸಿಪಿ’ ಎಂದು ಟೈಪ್ ಮಾಡಿದರೆ ಅದರ ಸಂಖ್ಯೆ ಕಾಣುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 437 ಇರುತ್ತದೆ. ಅದರಲ್ಲಿ ಕನ್ನಡದ ಒಂದು ಅಕ್ಷರವೂ ಇಲ್ಲ. ಕನ್ನಡಕ್ಕೆಂದು ಬೇರೆ ಹಳೆಯ ಕೋಡ್ ಪೇಜನ್ನೂ ವಿಂಡೋಸ್ ಇಟ್ಟುಕೊಂಡಿಲ್ಲ, ಅದರ ಲೆಕ್ಕದಲ್ಲಿ ಕನ್ನಡ ಯೂನಿಕೋಡ್‌ನಲ್ಲಿ ಮಾತ್ರ ಬರೆಯುವ ಭಾಷೆ. ಹೀಗಾಗಿ ಎರಡು ದಾರಿಗಳಿವೆ. ಕಮ್ಯಾಂಡಿನ ಮುಂದೆ ‘ಸಿಎಚ್‌ಸಿಪಿ 65001 > ನಲ್’ ಎಂದು ಸೇರಿಸಿ, && ಹಾಕಿ ‘ಡಿರ್’ ಬರೆದರೆ ಯುಟಿಎಫ್-8 ಬರುತ್ತದೆ; ನಿಮ್ಮದು ಕನ್ಸೋಲ್ ಪ್ರೋಗ್ರಾಂ ಆಗಿದ್ದರೆ ಆ ಬದಲಾವಣೆ ನಿಮ್ಮ ಕನ್ಸೋಲಿನಲ್ಲೂ ಉಳಿದುಬಿಡುವುದರಿಂದ ಕೆಲಸವಾದ ಮೇಲೆ ಹಳೆಯ ಸಂಖ್ಯೆಗೆ ಮರಳಿಸಿ. ಇಲ್ಲವೇ ಸಿಎಂಡಿಯನ್ನು ‘/ಯು’ ಜೊತೆ ಕರೆಯಿರಿ. ಆಗ ‘ಡಿರ್’ ಮುಂತಾದ ಅದರ ಒಳಗಿನ ಕಮ್ಯಾಂಡುಗಳು ಪೈಪಿಗೆ ಯುಟಿಎಫ್-16ರಲ್ಲಿ ಬರೆಯುತ್ತವೆ, ಆದರೆ ನೀವು ಬೈನರಿ ಮೋಡಿನಲ್ಲಿ ಓದಬೇಕು, ಅಂದರೆ ‘ಆರ್’ ಜೊತೆ ‘ಬಿ’ ಸೇರಿಸಬೇಕು. ಹೊರಗಿನ ಪ್ರೋಗ್ರಾಮುಗಳ ಮೇಲೆ ‘/ಯು’ ಪ್ರಭಾವವಿಲ್ಲ.

ಬಫರಿನ ಅಳತೆಯನ್ನು ಅಕ್ಷರದ ಲೆಕ್ಕದಲ್ಲಿ ಇಡಬೇಡಿ. ‘ಮೈಸೂರು’ ಎಂಬುದು ಕಣ್ಣಿಗೆ ಮೂರು ಅಕ್ಷರ, ಯೂನಿಕೋಡಿನಲ್ಲಿ ಆರು ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್, ಯುಟಿಎಫ್-16ರಲ್ಲಿ 12 ಬೈಟ್. ಚಿಕ್ಕ ಬಫರಿಗೆ ‘ಎಫ್‌ಗೆಟ್ಸ್’ ಮಾಡಿದರೆ ಒಂದು ಸಂಕೇತದ ಮಧ್ಯದಲ್ಲೇ ಕತ್ತರಿಸಿಬಿಡಬಹುದು. ಬೈಟುಗಳು ಸರಿಯಾಗಿ ಬಂದಿವೆಯೇ ಎಂದು ಕನ್ಸೋಲಿನಲ್ಲಿ ನೋಡಿ ತೀರ್ಮಾನಿಸಬೇಡಿ, ಅಲ್ಲಿ ಕನ್ನಡ ಸರಿಯಾಗಿ ಮೂಡುವುದಿಲ್ಲ. ಫೈಲಿಗೆ ಬರೆದು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ನಿಮಗೆ ಬೇಕಾದದ್ದು ಫೈಲುಗಳ ಪಟ್ಟಿ ಮಾತ್ರವಾಗಿದ್ದರೆ ‘ಡಿರ್’, ಪೈಪ್, ಕೋಡ್ ಪೇಜ್ ಎಲ್ಲವನ್ನೂ ಬದಿಗಿಟ್ಟು ‘ಫೈಂಡ್‌ಫಸ್ಟ್‌ಫೈಲ್‌ಡಬ್ಲ್ಯೂ’ ಮತ್ತು ‘ಫೈಂಡ್‌ನೆಕ್ಸ್ಟ್‌ಫೈಲ್‌ಡಬ್ಲ್ಯೂ’ ಕರೆಯಿರಿ. ಹೆಸರುಗಳು ಡಿಸ್ಕಿನಲ್ಲಿ ಹೇಗಿವೆಯೋ ಹಾಗೆಯೇ ಸಿಗುತ್ತವೆ.